ಬೆನ್ನು ಮಾಡಿ ಮಾತಾಡುತ್ತಿದ್ದ ದೊಡ್ಡವ್ವ

ನನ್ನ ದೊಡ್ಡವ್ವ ಗಂಗಮ್ಮ ಮನಸ್ಸಿನ ಮಾತನ್ನು ಎಂದೂ ಎದುರು ಕೂತು ಹೇಳಿದವಳಲ್ಲ. ಬಾಂಡೆ ತಿಕ್ಕಲು ಸಿಂಕಿನ ಮುಂದೆ ನಿಂತು, ನಮಗೆ ಬೆನ್ನು ಮಾಡಿದಾಗಲೇ ಅವಳ ಬಾಯಿ ಬಿಚ್ಚುತ್ತಿತ್ತು. ನೀರಿನ ಸದ್ದಿನಲ್ಲಿ ಅರ್ಧ ಕೇಳುತ್ತಿತ್ತು, ಇನ್ನರ್ಧ ನಾವೇ ತಿಳಿದುಕೊಳ್ಳಬೇಕು.

ಅವಳು ನನ್ನ ತಾಯಿಯ ಅಕ್ಕ. ನಾನು ಕಲಬುರಗಿಯಲ್ಲಿ ಕೆಲಸಕ್ಕೆ ಸೇರಿ ರೋಜಾ ದರ್ಗಾದ ಹಿಂದೆ ಬಾಡಿಗೆ ಮನೆ ಹಿಡಿದಾಗ, ತಿಂಗಳ ಮಟ್ಟಿಗೆಂದು ಕಮಲಾಪುರದಿಂದ ಬಂದವಳು ಹಾಗೇ ಉಳಿದುಬಿಟ್ಟಳು. ಊರಿನಲ್ಲಿ ಮಗ ಶಿವಶರಣ, ಸೊಸೆ, ಬಾಳೆಯ ತೋಟ ಎಲ್ಲ ಇದ್ದವು. ಹಬ್ಬಕ್ಕೆ ಹೋದರೂ ಮರುದಿನದ ಬಸ್ಸಿಗೆ ತಿರುಗಿ ಬರುತ್ತಿದ್ದಳು.

ಮನೆಯವರೆಲ್ಲ ಒಪ್ಪಿದ್ದ ಒಂದು ಸಂಬಂಧವನ್ನು ನಾನು ಬೇಡವೆಂದಾಗ ದೊಡ್ಡ ಜಗಳವಾಯಿತು. ದೊಡ್ಡವ್ವ ದಿನವೆಲ್ಲ ಸುಮ್ಮನಿದ್ದು, ಸಂಜೆ ಬೋಗುಣಿ ತಿಕ್ಕುತ್ತ ಗೋಡೆಗೆ ಹೇಳುವಂತೆ ಹೇಳಿದಳು: "ಮನಸ್ಸಿಲ್ಲಂದ್ರ ಬ್ಯಾಡ. ಅವರಿಗೆಲ್ಲ ನಾ ಹೇಳ್ತೀನಿ."

ಹೇಳಿಯೂ ಹೇಳಿದಳು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದ ಮೇಲೆ ಅವಳಿಗೆ ನಿಲ್ಲಲಾಗಲಿಲ್ಲ. ಕುರ್ಚಿಯೇ ಗತಿಯಾಯಿತು. ನಾನು ಬಾಂಡೆ ತಿಕ್ಕುವುದನ್ನು ನೋಡುತ್ತ ಕೂರುತ್ತಿದ್ದಳು, ಮಾತು ನಿಂತೇಹೋಯಿತು. ಒಂದು ದಿನ ಮಾತ್ರ, "ಆ ಸಿಂಕ್ ಕೆಳಗ ಇಳಿಸು. ಕುಂತು ತಿಕ್ತೀನಿ," ಎಂದಳು.

ಪ್ಲಂಬರ್ ಬರುತ್ತೇನೆಂದವನು ಬರಲೇ ಇಲ್ಲ. ಕಾದು ಸಾಕಾಗಿ ಒಂದು ಭಾನುವಾರ ನಾನೇ ಕೈಹಾಕಿದೆ. ಸಿಂಕಿನ ಕೆಳಗಿನ ವಾಲ್ವ್ ತಿರುಗಿಸಿ ನೀರು ಬಂದ್ ಮಾಡಿದೆ. ಬಕೆಟ್ ಇಟ್ಟು ಕೊಳೆನೀರಿನ ಪೈಪು ಬಿಚ್ಚಿದೆ. ಅಂಚಿನ ಬಿಳಿ ಸಿಮೆಂಟನ್ನು ಚಾಕುವಿನಿಂದ ಕೆರೆದಾಗ ಸಿಂಕ್ ಅಲುಗಾಡಿತು, ಎತ್ತಿ ನೆಲಕ್ಕಿಟ್ಟೆ. ಉಳಿದದ್ದು ನಳದ ಪೈಪು. ಅದಕ್ಕೆ ಪಾನಾ ಹಾಕಿ ತಿರುಗಿಸಿದ್ದೇ ತಡ, ವಾಲ್ವ್ ಸಮೇತ ಗೋಡೆಯಿಂದ ಕಿತ್ತು ಬಂತು. ನೀರು ಮುಖಕ್ಕೇ ಬಡಿಯಿತು.

ಮಾಳಿಗೆಗೆ ಓಡಿದೆ. ಟಾಕಿಯ ವಾಲ್ವ್ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ತಿರುಗಲಿಲ್ಲ. ಕೆಳಗೆ ಬಂದು ಟವೆಲ್ ತುರುಕಿದರೆ ಅದನ್ನೂ ನೀರು ಹೊರಗೆ ತಳ್ಳಿತು. ಅಕ್ಕಿಯ ಚೀಲ ತೊಯ್ದಿತ್ತು, ನೀರು ಪಡಸಾಲೆಗೆ ಹರಿದಿತ್ತು. ನಾನು ಅಲ್ಲೇ ಕುಸಿದು ಅಳತೊಡಗಿದೆ.

"ಅಳಬ್ಯಾಡ," ಎಂದಳು ದೊಡ್ಡವ್ವ. "ಟಾಕಿ ಖಾಲಿ ಆದ್ರ ತಾನೇ ನಿಲ್ತದ."

ಅದು ಖಾಲಿಯಾಗುವ ತನಕ ಇಬ್ಬರೂ ನೀರು ನೋಡುತ್ತ ಕೂತೆವು.

ಮರುದಿನ ಬಂದ ಪ್ಲಂಬರ್, ಸಿಂಕ್ ಕೆಳಗಿಳಿಸಬೇಕೆಂದರೆ ಗೋಡೆ ಒಡೆದು ಮೋರಿಯ ಪೈಪನ್ನೂ ಇಳಿಸಬೇಕು ಎಂದ. ಮನೆಯ ಮಾಲಕರು ಗೋಡೆ ಮುಟ್ಟಕೂಡದೆಂದರು. ಸಿಂಕ್ ಮೊದಲಿನ ಎತ್ತರಕ್ಕೇ ಹೋಗಿ ಕೂತಿತು. ಅದೇ ವಾರ ಶಿವಶರಣ ಬಂದು ತಾಯಿಯನ್ನು ಊರಿಗೆ ಕರೆದೊಯ್ದ. ದಿನವಿಡೀ ನಾನು ಕೆಲಸದಲ್ಲಿ, ಅವಳೊಬ್ಬಳೇ ಕುರ್ಚಿಯಲ್ಲಿ. ಯಾವ ಬಾಯಿಂದ ಬೇಡವೆನ್ನಲಿ?

ಕಮಲಾಪುರದ ಮನೆಯ ಅಂಗಳದಲ್ಲಿ ಬಾಂಡೆ ತಿಕ್ಕುವ ಕಲ್ಲು ನೆಲಮಟ್ಟಕ್ಕೇ ಇತ್ತು. ಅಲ್ಲಾದರೂ ಕೂರುತ್ತಾಳೆ ಎಂದುಕೊಂಡಿದ್ದೆ. ಆದರೆ ಸೊಸೆ ಒಳ್ಳೆಯವಳು, ಅತ್ತೆಗೆ ಒಂದು ಲೋಟವನ್ನೂ ಮುಟ್ಟಗೊಡಲಿಲ್ಲ. ನಾನು ಕೇಳಿದ್ದಕ್ಕೆ, "ಈ ವಯಸ್ಸಿನಾಗ ಅತ್ತೀಗಿ ಕೆಲಸ ಹಚ್ಚಿದ್ರ ಮಂದಿ ಏನಂದಾರ್ರಿ?" ಎಂದಳು.

ಕೊನೆಯ ಸಲ ಹೋದಾಗ ಸಂತೆಯ ದಿನ. ಸೊಸೆ ಸಂತೆಗೆ, ಶಿವಶರಣ ತೋಟಕ್ಕೆ ಹೋಗಿದ್ದರು. ಮಂಚದ ಮೇಲೆ ಒಣಗಿಹೋಗಿದ್ದ ದೊಡ್ಡವ್ವ ನನ್ನ ಮುಖವನ್ನೇ ನೋಡಿ, "ನನ್ನ ಅಂಗಳಕ್ಕ ಒಯ್ಯವ್ವ," ಎಂದಳು.

ತೋಳಡಿ ಕೈಹಾಕಿ ಎತ್ತಿದೆ. ಕಾಲು ಊರಲಾಗದೆ ನರಳಿದಳು. ಹೆದರಿ ಮಲಗಿಸಿದೆ. ಮತ್ತೊಮ್ಮೆ ಎತ್ತಿದೆ, ಆಗಲಿಲ್ಲ. ಓಣಿಗೆ ಬಂದು ಕೂಗಿದೆ. ಎಲ್ಲ ಬಾಗಿಲಿಗೂ ಚಿಲಕ.

"ಬಿಡು, ನಿನ್ನ ನಡ ಹಿಡದೀತು," ಎಂದಳು. "ಹೋಗು, ಬಸ್ಸಿನ ಹೊತ್ತಾತು."

ದಿಂಬು ಸರಿಮಾಡಿ ಹೊರಟೆ.

ಮುಂದಿನ ಸಂತೆಯೊಳಗೆ ಶಿವಶರಣನ ಫೋನ್ ಬಂತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ನಾನು ಹೋಗುವಷ್ಟರಲ್ಲಿ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ, ಅವಳನ್ನು ಅಂಗಳದಲ್ಲಿ ಕೂರಿಸಿದ್ದರು. ಎತ್ತಿ ತರಲು ಈಗ ಬೇಕಾದಷ್ಟು ಮಂದಿ ಇದ್ದರು.