ಸದ್ದಿಲ್ಲದೆ ನೋಡಿದ ಎಪ್ಪತ್ತೆರಡು ಕಂತು

ಡ್ರಮ್ಮು ತೊಳೆದು ನಲ್ಲಿ ನೀರು ಹಿಡಿಯುವುದು. ಹಾಲು ಉಕ್ಕುವ ಮೊದಲೇ ಇಳಿಸುವುದು. ಮಗಳ ಯೂನಿಫಾರಮ್ಮಿಗೆ ಇಸ್ತ್ರಿ ಹಾಕುವುದು, ಅತ್ತೆಯ ಬೆಳಗಿನ ಮಾತ್ರೆ ಬೇರೆ ಮಾಡಿಡುವುದು, ಬಸ್ ಡಿಪೋದ ಗ್ರೀಸು ಮೆತ್ತಿದ ಗಂಡನ ಅಂಗಿಯನ್ನು ಸೋಪಿನ ನೀರಲ್ಲಿ ನೆನೆಹಾಕುವುದು. ಕಾಳು ಬೇಯಿಸುವುದು, ಆದರೆ ಕುಕ್ಕರಿನಲ್ಲಲ್ಲ, ತಪ್ಪಲೆಯಲ್ಲಿ. ಕುಕ್ಕರ್ ಕೂಗಿದರೆ ಎರಡನೇ ಪಾಳಿ ಮುಗಿಸಿ ಬಂದು ಮಲಗಿದ ಗಂಡ ಎದ್ದು ಕೂರುತ್ತಾನೆ. ಕೊನೆಗೆ ಹಿಂದಿನ ದಿನದ ಪಾತ್ರೆಗಳು. ಸ್ಟೀಲಿಗೆ ಸ್ಟೀಲು ತಾಗದ ಹಾಗೆ ತೊಳೆಯುವುದೂ ಒಂದು ವಿದ್ಯೆಯೇ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅದು ಅವಳಿಗೆ ಕರಗತವಾಗಿತ್ತು. ಇಷ್ಟೆಲ್ಲ ಆದರೂ ಕಿಟಕಿಯಾಚೆ ಇನ್ನೂ ಬೆಳಕು ಹರಿದಿರುತ್ತಿರಲಿಲ್ಲ.

ಈ ಪಾತ್ರೆಯ ಹೊತ್ತು ಮಾತ್ರ ಅವಳದು. ಕೈಗೆ ಕೆಲಸವಿದ್ದರೂ ಕಣ್ಣಿಗೆ ಬಿಡುವಿತ್ತಲ್ಲ. ಸಿಂಕಿನ ಮೇಲಿನ ಹಲಗೆಯಲ್ಲಿ ಒಂದು ದೊಡ್ಡ ಸ್ಟೀಲಿನ ಲೋಟ, ಲೋಟದಲ್ಲಿ ನೆಟ್ಟಗೆ ನಿಲ್ಲಿಸಿದ ಫೋನು, ಫೋನಿನಲ್ಲಿ ಧಾರಾವಾಹಿ. ಫೋನನ್ನು ಅಡ್ಡ ತಿರುಗಿಸುವ ಗೊಡವೆಯೇ ಇಲ್ಲದಂತೆ ಉದ್ದಕ್ಕೇ ಚಿತ್ರೀಕರಿಸಿದ್ದು, ಒಂದೊಂದು ಕಂತೂ ಒಂದೂವರೆ ನಿಮಿಷ. ಒಂದು ಕಂತಿಗೆ ಎರಡು ತಟ್ಟೆ, ಕೊಲೆ ನಡೆದರೆ ಒಂದು ತಪ್ಪಲೆ. ಸದ್ದು ಮಾತ್ರ ಪೂರ್ತಿ ಬಂದ್.

ಹಗಲಲ್ಲಿ ಅವಳು ಜೆರಾಕ್ಸ್ ಅಂಗಡಿಯ ‘ಟೈಪಿಂಗ್ ಅಕ್ಕ’. ಅರ್ಜಿ, ಬಾಡಿಗೆ ಕರಾರು, ಕಾಲೇಜು ಮಕ್ಕಳ ವರದಿ. ಜೊತೆಗೆ ಒಂದು ವಾರಪತ್ರಿಕೆಯ ಕೈಬರಹದ ಪುಟಗಳು. ಹೋದ ವಾರ ಅಂಥದೊಂದು ಧಾರಾವಾಹಿಯ ವಿಮರ್ಶೆ ಟೈಪು ಮಾಡುತ್ತಿದ್ದವಳ ಬೆರಳು ನಡುವೆ ನಿಂತಿತು.

“ಸರ್, ಇದನ್ನ ಬರೆದವರು ಕಥೆ ನೋಡೇ ಇಲ್ಲ. ನಾಯಕಿ ಇಪ್ಪತ್ತನೇ ಕಂತಲ್ಲೇ ಮನೆ ಬಿಟ್ಟು ಹೋದ್ಲು. ಇವರು ಅವಳನ್ನ ಕೊನೇವರೆಗೂ ಅಲ್ಲೇ ಕೂರಿಸಿ ಅಳಿಸ್ತಿದಾರೆ.”

ಪುಟಗಳನ್ನು ತಂದುಕೊಟ್ಟು ಪಕ್ಕದಲ್ಲೇ ಕುಳಿತಿದ್ದ ಪತ್ರಿಕೆಯ ಸಂಪಾದಕರು ಕನ್ನಡಕ ಏರಿಸಿದರು. “ನೀವು ನೋಡ್ತೀರೇನು ಇವನ್ನೆಲ್ಲ?”

“ನೋಡದೇ ಹೇಳ್ತೀನಾ ಸರ್?”

“ಹಾಗಾದ್ರೆ ನೀವೇ ಬರೀರಿ. ‘ವಧುವಿನ ಎರಡನೇ ಮುಖ’ ಅಂತ ಒಂದು ಬಂದಿದೆಯಲ್ಲ, ಜನ ಹುಚ್ಚು ಹಿಡಿದು ನೋಡ್ತಿದಾರೆ, ಅದರ ಮೇಲೆ. ಮುಂದಿನ ವಾರ ಇದೇ ದಿನ ಬೆಳಿಗ್ಗೆ ಹತ್ತರೊಳಗೆ ಕಳಿಸಿ. ಚೆನ್ನಾಗಿದ್ರೆ ಇನ್ಮೇಲೆ ಪ್ರತಿ ವಾರ ವಿಮರ್ಶೆಯ ಆ ಮೂಲೆ ನಿಮ್ದೇ. ನಿಮ್ಮ ಹೆಸರಲ್ಲೇ.”

ಹನ್ನೊಂದು ವರ್ಷ ಬೇರೆಯವರ ಮಾತನ್ನೇ ಟೈಪು ಮಾಡಿದವಳಿಗೆ ತನ್ನದೇ ಒಂದು ಮೂಲೆ! ಅವತ್ತು ಬಸ್ಸಿನಲ್ಲಿ ಅದೇ ಗುಂಗಿನಲ್ಲಿ ಕುಳಿತು, ತನ್ನ ನಿಲ್ದಾಣ ಬಿಟ್ಟು ಎರಡು ನಿಲ್ದಾಣ ಮುಂದೆ ಹೋಗಿ ಇಳಿದಳು.

ಏಳು ಬೆಳಗು, ಎಪ್ಪತ್ತೆರಡು ಕಂತು. ಕೊಡಬೇಕಾದ ದಿನ ಬೆಳಿಗ್ಗೆ ಮಗಳನ್ನು ಶಾಲೆಗೆ ಕಳಿಸಿ, ಅತ್ತೆಗೆ ಚಹಾ ಕೊಟ್ಟು, ಹಾಳಾದ ಜೆರಾಕ್ಸ್ ಹಾಳೆಗಳ ಬೆನ್ನಿಗೆ ಬರೆದಿದ್ದ ವಿಮರ್ಶೆಯನ್ನು ಅವರಿಗೆ ಓದಿ ಹೇಳತೊಡಗಿದಳು. ಅತ್ತೆಯೂ ಅದೇ ಧಾರಾವಾಹಿಯ ಭಕ್ತೆ. ಆದರೆ ಅವರು ನೋಡುವುದು ಮಧ್ಯಾಹ್ನ, ಮಂಚದ ಮೇಲೆ ಕಾಲು ಚಾಚಿ, ಪಕ್ಕದ ಮನೆಗೂ ಕೇಳುವಷ್ಟು ಸದ್ದಿಟ್ಟು.

“‘ವಿಷ ಹಾಕಿ ಕೊಂದದ್ದು ಕೆಲಸದಾಕೆ. ಮೊದಲ ಕಂತಿನಿಂದಲೂ ಅವಳು ನಮ್ಮ ಕಣ್ಣೆದುರೇ ಇದ್ದಾಳೆ. ಫೋನಿನ ಅಗಲಕ್ಕೆ ಹಿಡಿಸುವುದು ಒಂದೇ ಮುಖ. ಅದು ಅಳುವ ವಧುವಿನದು, ಇಲ್ಲವೇ ಹಲ್ಲು ಕಡಿಯುವ ಸಾಹುಕಾರನದು. ಕೆಲಸದಾಕೆಗೆ ಸಿಕ್ಕಿದ್ದು ಬರೀ ಅಂಚು. ಅಂಚಿನಿಂದ ಒಂದು ಕೈ ಬರುತ್ತದೆ, ತಟ್ಟೆ ಇಡುತ್ತದೆ, ಹೋಗುತ್ತದೆ. ನಲವತ್ತೊಂದು ಸಲ. ಎಲ್ಲ ಕೋಣೆಯ ಬೀಗದ ಕೈ, ಎಲ್ಲರ ಹಾಲಿನ ಲೋಟ ಆ ಕೈಯಲ್ಲೇ. ಕೊನೆಯ ಕಂತಿನಲ್ಲಿ ಪೊಲೀಸರ ಎದುರು ಮೆಟ್ಟಿಲ ಮೇಲೆ ನಿಂತು, ಮೊದಲ ಬಾರಿಗೆ ಬಾಯಿ ತೆರೆದು ತಪ್ಪೊಪ್ಪಿಕೊಳ್ಳುತ್ತಾಳೆ...’”

ಅತ್ತೆಗೆ ಚಹಾ ನೆತ್ತಿಗೇರಿತು. ಕೆಮ್ಮು, ನಗು ಎರಡೂ ಒಟ್ಟಿಗೆ. “ಅಯ್ಯೋ ಹುಡುಗೀ! ವಿಷ ಹಾಕಿದ್ದು ಚಿಕ್ಕಪ್ಪ ಕಣೇ!”

“ಯಾವ ಚಿಕ್ಕಪ್ಪ ಅತ್ತೆ?”

“ಕೋಟು ಹಾಕ್ಕೊಂಡು ಯಾವಾಗ್ಲೂ ಹಲ್ಲು ಕಿರೀತಾನಲ್ಲ, ಅವನೇ.”

“ಅವನು ಡಾಕ್ಟರ್ ಅಲ್ವಾ?”

“ಯಾವ ಸೀಮೆ ಡಾಕ್ಟರು! ಐವತ್ತೆಂಟನೇ ಕಂತಲ್ಲಿ ಫೋನಲ್ಲಿ ಎಲ್ಲಾ ಬಾಯಿಬಿಟ್ಟಿದಾನೆ.”

“ಮತ್ತೆ ಮೆಟ್ಟಿಲ ಮೇಲೆ ಅವಳು ಹೇಳಿದ್ದೇನು?”

“‘ಅಮ್ಮಾವ್ರೇ, ಊಟ ಆರಿಹೋಗ್ತಿದೆ’ ಅಂದ್ಲು. ಇಡೀ ಕಥೇಲಿ ಅವಳಿಗಿರೋದು ಅದೊಂದೇ ಮಾತು.”

ಮಾತುಗಳು ತೆರೆಯ ಅಡಿಯಲ್ಲಿ ಅಕ್ಷರವಾಗಿಯೂ ಬರುತ್ತಿದ್ದವು, ನಿಜ. ಆದರೆ ಫೋನಿನ ಅಡಿಯ ಎರಡು ಬೆರಳಗಲ ಲೋಟದೊಳಗೆ ಮುಳುಗಿತ್ತಲ್ಲ! ಅವಳು ಹಾಳೆಗಳನ್ನು ತೊಡೆಯ ಮೇಲೆ ಬೋರಲು ಹಾಕಿದಳು.

ನಗು ಕೇಳಿ ಗಂಡ ಕಣ್ಣುಜ್ಜುತ್ತಾ ಎದ್ದು ಬಂದ. ತಾಯಿಯಿಂದ ಸಂಗತಿ ಕೇಳಿ ಅವನೂ ನಕ್ಕ. “ಅದಕ್ಯಾಕೆ ಮುಖ ಬಾಡಿಸ್ಕೋತೀಯ? ಕೆಲಸದಾಕೇನ ಬಿಚ್ಚು, ಚಿಕ್ಕಪ್ಪನ್ನ ಜೋಡಿಸು. ಯಾರಿಗೆ ಗೊತ್ತಾಗುತ್ತೆ?”

“ನಾನು ಹೇಳ್ತೀನಿ, ನೀನು ಬರ್ಕೋ. ನಂಗೆ ಎಲ್ಲಾ ಬಾಯಿಪಾಠ,” ಎಂದರು ಅತ್ತೆ.

“ಅಲ್ಲ, ಸದ್ದಿಟ್ಟು ನೋಡೋಕೆ ಏನಾಗಿತ್ತು ನಿಂಗೆ?” ಗಂಡ ಅವಳನ್ನು ಕೇಳಿದ.

ಅವಳು ಬಾಯಿ ತೆರೆಯುವ ಮುಂಚೆ ಅತ್ತೆಯೇ ಹೇಳಿದರು: “ಇಟ್ಟಿದ್ರೆ ನೀನು ಮನೇನ ತಲೆ ಮೇಲೆ ಹೊತ್ಕೊಳ್ತಿದ್ದೆ, ಮಹಾರಾಯ.”

ಅವನು ತಲೆ ಕೆರೆದುಕೊಂಡ. ಚಹಾ ಮುಗಿಸಿ, ಯಾವತ್ತೂ ಇಲ್ಲದ್ದು, ತನ್ನ ಲೋಟವನ್ನು ತಾನೇ ಒಯ್ದು ಸಿಂಕಿನಲ್ಲಿಟ್ಟ. ಠಣ್ಣೆಂದಿತು. ಅವನೇ ಬೆಚ್ಚಿ ಹಿಂದಿರುಗಿ ನೋಡಿದ.

ಹಾಳೆಗಳನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿ, ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಅವಳು ತಾರಸಿಗೆ ಹೋದಳು. ಒಣಹಾಕಿ, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕುಳಿತು, ಗಂಡ ಹೇಳಿದ ಹಾಗೆಯೇ ಫೋನಿನಲ್ಲಿ ಟೈಪು ಮಾಡಿದಳು. ಕೆಲಸದಾಕೆಯನ್ನು ಬಿಚ್ಚಿ ಚಿಕ್ಕಪ್ಪನನ್ನು ಜೋಡಿಸಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಕರಾರು ಮದುವೆ, ಕಪಾಳಮೋಕ್ಷ, ವಿಷದ ಹಾಲು, ಚಿಕ್ಕಪ್ಪ. ಎಲ್ಲ ಸರಿಯಾಗಿತ್ತು. ಯಾರು ಬೇಕಾದರೂ ಬರೆಯಬಹುದಾದಷ್ಟು ಸರಿಯಾಗಿತ್ತು. ಕೊಲೆಗಾರ ಬದಲಾದ ಮೇಲೆ ಆ ನಲವತ್ತೊಂದು ಸಲ ಬಂದ ಕೈಗೆ ಅದರಲ್ಲಿ ಒಂದು ಸಾಲೂ ಉಳಿದಿರಲಿಲ್ಲ.

ಇದನ್ನು ಕಳಿಸಿದರೆ ಮೂಲೆ ತನ್ನದು. ನೋಡದೆ ಬರೆದರೆಂದು ಇನ್ನೊಬ್ಬರನ್ನು ಆಡಿಕೊಂಡ ಬಾಯಿಗೆ ಬೀಗ ಹಾಕಿಕೊಂಡರಾಯಿತು. ನಿಜ ಬರೆದರೆ ಸಂಪಾದಕರು ನಕ್ಕು ಬದಿಗಿಡಬಹುದು. ಮಾತೇ ಕೇಳದವಳ ವಿಮರ್ಶೆ ಯಾರಿಗೆ ಬೇಕು? ಗಂಟೆ ಒಂಬತ್ತೂ ನಲವತ್ತು. ಕೆಳಗಿನಿಂದ ಅತ್ತೆ ಕೂಗುತ್ತಿದ್ದರು: “ಆಯ್ತೇನೇ? ಐವತ್ತೆಂಟನೇ ಕಂತು ಬರಿಯೋಕೆ ಮರೀಬೇಡ!”

“ಬಂದೆ ಅತ್ತೆ,” ಎಂದಳೇ ಹೊರತು ಏಳಲಿಲ್ಲ.

ಟೈಪು ಮಾಡಿದ್ದನ್ನು ಪೂರ್ತಿ ಅಳಿಸಿದಳು. ಹಾಳೆಗಳನ್ನು ಬಿಡಿಸಿ ಒಂದೊಂದೇ ಪುಟದ ಫೋಟೊ ತೆಗೆದಳು. ಫೋಟೊಗಳ ಜೊತೆಗೆ ಹೊಸದಾಗಿ ಟೈಪು ಮಾಡಿದಳು: “ಈ ಧಾರಾವಾಹಿಯನ್ನು ನಾನು ನೋಡಿದ್ದು ಬೆಳಗಾಗುವ ಮೊದಲು, ಪಾತ್ರೆ ತೊಳೆಯುತ್ತಾ, ಸದ್ದಿಲ್ಲದೆ. ಹಾಗಾಗಿ ಕೊಲೆಗಾರ ಯಾರೆಂಬುದನ್ನು ತಪ್ಪಾಗಿ ತಿಳಿದೆ. ಆ ತಪ್ಪನ್ನು ತಿದ್ದದೆ ಹಾಗೆಯೇ ಕಳಿಸುತ್ತಿದ್ದೇನೆ. ಅದು ಹೇಗಾಯಿತೆಂದು ಓದಿ. ಈ ಕಥೆಯಲ್ಲಿ ಯಾರನ್ನು ನಮಗೆ ಸರಿಯಾಗಿ ತೋರಿಸಲಿಲ್ಲ ಎಂಬುದು ಗೊತ್ತಾಗುತ್ತದೆ.”

ಅಡಿಯಲ್ಲಿ ತನ್ನ ಹೆಸರು ಹಾಕಿ, ಒತ್ತಕ್ಷರ ಸರಿ ಬಿದ್ದಿದೆಯೇ ಎಂದು ಇನ್ನೊಮ್ಮೆ ನೋಡಿ, ಕಳಿಸಿದಳು.