ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದ ದೇವದಾನ ಅಯ್ಯನವರು

ಸಿಟ್ಟು ಬಂದರೆ ದೇವದಾನ ಅಯ್ಯನವರು ಮೊದಲು ಚಪ್ಪಲಿ ಬಿಡುತ್ತಿದ್ದರು. ಎರಡನ್ನೂ ಜೋಡಿಸಿ ಪಕ್ಕಕ್ಕಿಟ್ಟು, ಬರಿಗಾಲಲ್ಲಿ ನಿಂತು, ಆಮೇಲೆ ಬಾಯಿ ತೆರೆಯುತ್ತಿದ್ದರು. ಇದೇನು ಅಂತ ಒಮ್ಮೆ ಕೇಳಿದ್ದೆ.

"ಸಿಟ್ಟಿನ್ಯಾಗ ಕಾಲಾಗ ಚಪ್ಪಲಿ ಇರಬಾರ್ದವಾ. ಲಗೂನ ಕೈಗೆ ಬರ್ತಾವ," ಅಂದರು.

ಹಾವೇರಿ ಕಡೆಯವರು. ಮೂಡಿಗೆರೆ ಹತ್ತಿರದ ನಮ್ಮ ಸಣ್ಣ ಸಭೆಗೆ ಹೊಸ ಪಾಸ್ಟರ್ ಆಗಿ ಬಂದಾಗ ಕಾಫಿ ಹಣ್ಣು ಕೆಂಪಾಗುತ್ತಿತ್ತು. ನಾನು ಆಗ ದೇವಾಲಯದಲ್ಲಿ ಕೀಬೋರ್ಡ್ ಬಾರಿಸುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ. ಕ್ಯಾಸೆಟ್ ಹಾಕಿ, ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಹಾಕಿ ಕಲಿತದ್ದು. ಹುಚ್ಚು ಎಷ್ಟಿತ್ತೆಂದರೆ ಅಕ್ಕಿ ಆರಿಸುವಾಗಲೂ ಮೊರದ ಮೇಲೆ ಬೆರಳು ಆಡುತ್ತಿತ್ತು.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಮೊದಲನೇ ಗಂಟೆ ಬೆಳಿಗ್ಗೆ ಸರಿಯಾದ ಹೊತ್ತಿಗೆ ಹೊಡೆಯುತ್ತಿತ್ತು. ಆರಾಧನೆ ಶುರುವಾಗುವುದು ಎರಡನೇ ಗಂಟೆಗೆ. ಆ ಎರಡನೇ ಗಂಟೆ ಮಾತ್ರ, ವಿಲ್ಸನ್ ಸಾಹುಕಾರರ ಜೀಪು ಕೆಳಗಿನ ತಿರುವಿನಲ್ಲಿ ಕಂಡ ಮೇಲೆ! ಸಾಹುಕಾರರು ಎಸ್ಟೇಟಿನ ಮಾಲೀಕರು, ಸಭೆಯ ಕಾರ್ಯದರ್ಶಿ ಕೂಡ. ಗಂಟೆ ಹೊಡೆಯುವ ಪಾವ್ಲಪ್ಪನವರು ಹಗ್ಗ ಹಿಡಿದು ರಸ್ತೆ ನೋಡುತ್ತಾ ನಿಲ್ಲುತ್ತಿದ್ದರು. ಜೀಪು ಬರುವವರೆಗೆ ನಾನು ಒಂದಾದ ಮೇಲೊಂದು ಕೀರ್ತನೆ ಬಾರಿಸುತ್ತಿರಬೇಕು.

ಮೊದಲ ಭಾನುವಾರ ಅಯ್ಯನವರು ನಿಲುವಂಗಿ ಹಾಕಿಕೊಂಡು ಕಾದರು, ಕಾದರು. ಕೊನೆಗೆ ನನ್ನ ಹತ್ತಿರ ಬಂದು ಬಗ್ಗಿದರು.

"ಯಾರ ಸಲುವಾಗಿ ಬಾರ್ಸಾಕತ್ತೀಯವಾ?"

"ಸಾಹುಕಾರ್ರು ಬರ್ಬೇಕಲ್ಲ ಅಯ್ಯನೋರೇ."

"ದೇವ್ರು ಆಗ್ಲೇ ಬಂದು ಕುಂತಾನ. ಅವ್ನನ್ನೂ ಕಾಯ್ಸೋದೇನು?"

ನನಗೆ ನಗು ಬಂತು. ಅವರು ನಗಲಿಲ್ಲ.

ಆ ವಾರ ಹಿರಿಯರು ಅವರಿಗೆ ಮನೆಭೇಟಿಯ ದಾರಿ ಹೇಳಿಕೊಟ್ಟರು: ಮೊದಲು ಬಂಗಲೆ, ಆಮೇಲೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮನೆ, ಆಮೇಲೆ ಪೇಟೆಯವರು, ಪುರುಸೊತ್ತಾದರೆ ಕೂಲಿಯವರ ಸಾಲುಮನೆಗಳ ಲೈನು. ಅಯ್ಯನವರು ನನ್ನನ್ನೂ ನಮ್ಮಮ್ಮನನ್ನೂ ಕರೆದುಕೊಂಡು ನೇರ ಲೈನಿಗೆ ನಡೆದರು. ಜಿಗಣೆ ಹತ್ತಿದರೆ "ಇವೂ ನಮ್ಮ ಸಭೇದವೇ ಏನು?" ಎಂದು ಕಿತ್ತು ಎಸೆಯುತ್ತಿದ್ದರು. ಪ್ರತಿ ಬಾಗಿಲಲ್ಲೂ ನಿಂತು ಹೆಸರು ಕೇಳಿದರು. ಕೂಸಿಗೂ ಹೆಸರು ಕೇಳಿದರು, ನಾಯಿಗೂ ಕೇಳಿದರು.

ಮರಿಯಮ್ಮಕ್ಕ ಹಣ್ಣು ಕೊಯ್ಯುವವಳು. ಬೆರಳೆಲ್ಲ ಕಪ್ಪು. ಬೆಲ್ಲದ ಕಾಫಿ ಕೊಟ್ಟು ಮೂಲೆಯಲ್ಲಿ ನಿಂತಳು.

"ಮುಂದಿನ ವಾರ ಕರ್ತನ ಭೋಜನ ಐತಿ. ಬರ್ತೀಯಲ್ಲ?" ಎಂದರು ಅಯ್ಯನವರು.

"ಬರ್ತೀನಿ, ಆದ್ರೆ ರೊಟ್ಟಿ ತಗಳಕಾಗಲ್ಲ ಅಯ್ಯನೋರೇ. ನಾವು ಮಳೆಗಾಲದಾಗೆ ತಗಳದು."

"ಮಳೆಗಾಲದಾಗ? ಅಂದ್ರ?"

"ಹಣ್ಣಿನ ಟೈಮಲ್ಲಿ ಭಾನುವಾರನೂ ಕೆಲ್ಸ ಅಲ್ವಾ. ಪ್ರಸಂಗ ಮುಗಿಯೋದ್ರೊಳಗೆ ಲಾರಿ ಬಂದು ಹಾರ್ನ್ ಹೊಡಿತದೆ. ನಾವು ಎದ್ದು ಹೋಗ್ತೀವಿ. ರೊಟ್ಟಿ ಕೊಡದು ಆಮೇಲೆ."

"ಯಾರ ಲಾರಿ?"

"ಸಾಹುಕಾರ್ರದ್ದೇ."

ಅಯ್ಯನವರು ಲೋಟ ಕೆಳಗಿಟ್ಟರು. ಲೈನಿನ ಅಂಗಳದಲ್ಲಿ ಚಪ್ಪಲಿ ಬಿಟ್ಟು ಜೋಡಿಸಿಟ್ಟರು. ಆ ದಿನ ಬಾಯಿ ಮಾತ್ರ ತೆರೆಯಲಿಲ್ಲ. ಕಿವಿ ಕೆಂಪಗಾಗಿತ್ತು.

ನನಗೂ ಮೈ ಉರಿಯಿತು. ಸಾಹುಕಾರರ ಜೀಪು ತಡ, ಆದರೆ ಅವರ ಲಾರಿ ಮಾತ್ರ ಒಂದು ನಿಮಿಷ ತಡವಿಲ್ಲ! ಇದನ್ನು ಇಡೀ ಸಭೆ ವರ್ಷಗಟ್ಟಲೆ ನೋಡುತ್ತಾ ಕೂತಿದೆ. ಹಿಂದಿನ ಬೆಂಚು ಖಾಲಿಯಾಗುವಾಗ ಮುಂದಿನ ಬೆಂಚಿನವರು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾರೆ.

ಮುಂದಿನ ಭಾನುವಾರ ಹೊತ್ತಿಗೆ ಸರಿಯಾಗಿ ಅಯ್ಯನವರು ಪಾವ್ಲಪ್ಪನವರ ಕೈಯಿಂದ ಹಗ್ಗ ತೆಗೆದುಕೊಂಡು ತಾವೇ ಎರಡನೇ ಗಂಟೆ ಹೊಡೆದರು. ಪಾವ್ಲಪ್ಪನವರು "ಅಯ್ಯಯ್ಯೋ, ಜೀಪು ಕಾಣ್ಲಿಲ್ಲ ಮಾರಾಯ್ರೆ!" ಎಂದು ತಲೆ ಮೇಲೆ ಕೈಯಿಟ್ಟರು. ಪ್ರಸಂಗ ಚಿಕ್ಕದು. ಕರ್ತನ ಭೋಜನದ ರೊಟ್ಟಿ ಮೊದಲು ಹಿಂದಿನ ಬೆಂಚಿಗೆ ಹೋಯಿತು. ಮರಿಯಮ್ಮಕ್ಕ ಕಪ್ಪು ಬೆರಳುಗಳನ್ನು ಸೆರಗಿಗೆ ಒರೆಸಿ ಒರೆಸಿ ಕೈ ಚಾಚಿದಳು. ಲಾರಿ ಬಂದಾಗ ಎಲ್ಲರೂ ತಗೊಂಡು ಆಗಿತ್ತು.

ಜೀಪು ಆಮೇಲೆ ಬಂತು.

"ಏನ್ ಅಯ್ಯನೋರೇ, ನಮ್ಮನ್ನ ಬಿಟ್ಟು ಊಟ ಮುಗಿಸ್ಬಿಟ್ರಾ?" ಸಾಹುಕಾರರು ನಗುತ್ತಲೇ ಕೇಳಿದರು.

ಅಯ್ಯನವರು ಚಪ್ಪಲಿ ಬಿಟ್ಟರು. "ನಿಮ್ಮ ಪಾಲು ತೆಗೆದಿಟ್ಟೀನ್ರೀ. ಇವ್ರ ಪಾಲು ಇಷ್ಟು ವರ್ಷ ನೀವು ಎಲ್ಲಿಟ್ಟಿದ್ರಿ?"

ಹಣ್ಣು ಕೊಯ್ಲು ಮುಗಿಯುವ ಮೊದಲೇ ಅಯ್ಯನವರಿಗೆ ವರ್ಗ ಬಂತು. ಹಿರಿಯರ ಸಭೆಯಲ್ಲಿ ಅವರ ಪರವಾಗಿ ಒಬ್ಬರೂ ಬಾಯಿ ಬಿಡಲಿಲ್ಲವಂತೆ. ಆ ಹಿರಿಯರೇ ಆಮೇಲೆ ನಮ್ಮ ಮನೆ ಜಗಲಿಯಲ್ಲಿ ಕೂತು, "ಒಳ್ಳೆ ಮನುಷ್ಯ. ಸಿಟ್ಟೊಂದು ಸ್ವಲ್ಪ ಜಾಸ್ತಿ," ಎಂದು ಅಮ್ಮ ಕೊಟ್ಟ ಕಾಫಿ ಕುಡಿದರು. ಸಿಟ್ಟು ಜಾಸ್ತಿಯಂತೆ! ಆ ಲೋಟ ಕಿತ್ತುಕೊಳ್ಳಬೇಕು ಅನ್ನಿಸಿತ್ತು ನನಗೆ.

ಬಸ್ ಸ್ಟ್ಯಾಂಡಿಗೆ ಹೋದದ್ದು ನಾನು ಮತ್ತು ಮರಿಯಮ್ಮಕ್ಕ. ಅವಳು ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದಳು. "ಅಯ್ಯನೋರೇ, ಇನ್ನು ನಮಗೆ ರೊಟ್ಟಿ ಮಳೆಗಾಲಕ್ಕೇ ಏನೋ," ಎಂದಳು. ದೂರುವ ಧ್ವನಿಯೂ ಇರಲಿಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದಳು. ಅಯ್ಯನವರು ಚಪ್ಪಲಿ ಬಿಟ್ಟು ಬೆಂಚಿನ ಪಕ್ಕ ಜೋಡಿಸಿಟ್ಟರು. ಅಷ್ಟರಲ್ಲಿ ಬಸ್ಸು ಬಂತು. ಟ್ರಂಕು ಹತ್ತಿಸುವ ಗಡಿಬಿಡಿಯಲ್ಲಿ ಬರಿಗಾಲಲ್ಲೇ ಹತ್ತಿಬಿಟ್ಟರು. ನಾನು ಚಪ್ಪಲಿ ಎತ್ತಿಕೊಂಡು ಓಡಿದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು:

"ಇರ್ಲಿ ಬಿಡವಾ! ಸಿಟ್ಟು ಇನ್ನೂ ಇಳಿದಿಲ್ಲ!"

ಅವರನ್ನು ಮತ್ತೆ ನೋಡಲಿಲ್ಲ.

ಮುಂದಿನ ಭಾನುವಾರ ಬೇರೆ ಊರಿನ ಪಾಸ್ಟರ್ ಬಂದಿದ್ದರು. ಪಾವ್ಲಪ್ಪನವರು ಹಗ್ಗ ಹಿಡಿದು ಮತ್ತೆ ತಿರುವು ನೋಡುತ್ತಿದ್ದರು. ಒಂದು ಕೀರ್ತನೆ ಮುಗಿಸಿ ಕೈ ಎತ್ತಿದೆ. ಮುಂದಿನ ಬೆಂಚಿನಿಂದ ಹಿರಿಯರೊಬ್ಬರು, "ಇನ್ನೊಂದು ಬಾರ್ಸಮ್ಮ," ಎಂದರು.

"ಯಾರಿಗೋಸ್ಕರ?" ಎಂದೆ. ಜೋರಾಗಿಯೇ ಎಂದೆ. ಕೀಬೋರ್ಡಿನ ಕೆಳಗೆ ಅಯ್ಯನವರ ಚಪ್ಪಲಿ ಇತ್ತು, ಪಕ್ಕದಲ್ಲಿ ನನ್ನದೂ.

ಪಾವ್ಲಪ್ಪನವರು ನನ್ನ ಮುಖ ನೋಡಿದರು, ರಸ್ತೆ ನೋಡಿದರು. ಹಿಂದಿನಿಂದ ಮರಿಯಮ್ಮಕ್ಕನ ಧ್ವನಿ ಕೇಳಿತು:

"ಹೊಡೀರಿ ಮಾರಾಯ್ರೆ, ಲಾರಿ ಬರ್ತದೆ."

ಹೊಡೆದರು.