ಶಟ್ಟೆವ್ವ ರಾಮದುರ್ಗಕ್ಕೆ ಹೋದದ್ದು

ಪ್ಲೇಗು ಇಳಿದು ನೇಸರಗಿಯ ಜನ ರೋಗಕ್ಕೆ ಹೆದರಿ ಹೊಲದಲ್ಲಿ ಹಾಕಿಕೊಂಡಿದ್ದ ಜೋಪಡಿಗಳನ್ನು ಕಿತ್ತು ಊರೊಳಗೆ ಮರಳಿದಾಗ ಶಟ್ಟೆವ್ವನೂ ಮರಳಿದಳು. ಹೋಗುವಾಗ ಗಂಡ ಹೆಂಡತಿ ಇಬ್ಬರಿದ್ದರು, ಬರುವಾಗ ಅವಳೊಬ್ಬಳೇ. ತೊಡೆಸಂದಿಯಲ್ಲಿ ಗಂಟು ಎದ್ದಿದೆ ಎಂದು ಗಂಡ ಲಕ್ಕಪ್ಪ ಹೇಳಿದ್ದು ಒಂದು ಮುಂಜಾನೆ. ಮರುದಿನ ಹೊತ್ತು ಮುಳುಗುವ ಮೊದಲೇ ಅವನನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿದ್ದರು. ಆ ವಾರ ಪ್ರತಿ ಜೋಪಡಿಯಲ್ಲೂ ಅಳು ಇತ್ತು. ಶಟ್ಟೆವ್ವ ಮಾತ್ರ ಅಳಲಿಲ್ಲ.

ಮನೆಗೆ ಬಂದವಳು ಕಸ ಹೊಡೆದಳು, ನೆಲ ಸಾರಿಸಿದಳು, ಮೂಲೆಯಲ್ಲಿದ್ದ ಉಣ್ಣೆ ಬಿಡಿಸಿ ನೂಲಲು ಕೂತಳು. ಅವಳು ನೂತ ನೂಲಿನಿಂದ ಲಕ್ಕಪ್ಪ ಕಂಬಳಿ ನೇಯುತ್ತಿದ್ದ. ಈಗ ನೇಯುವವರಿಲ್ಲ ಎಂದು ಗೊತ್ತಿದ್ದೂ ಕೈ ನೂಲುತ್ತಲೇ ಇತ್ತು. ಲಕ್ಕಪ್ಪನ ತಂಗಿ ಬಾಯವ್ವನ ಮನೆ ಅದೇ ಓಣಿಯಲ್ಲಿತ್ತು. ಅವಳು ದಿನಾ ಬಂದು ಎದುರಿಗೆ ಕೂರುತ್ತಿದ್ದಳು.

“ವೈನಿ, ಒಮ್ಮೆ ಅತ್ತುಬಿಡ. ಎದಿಯಾಗ ಇಟ್ಟುಕೊಂಡ್ರ ಅದು ನಿನ್ನ ತಿಂತೈತಿ.”

“ಎದಿಯಾಗ ಏನೂ ಇಲ್ಲ ಬಾಯವ್ವ. ಹುಡುಕಿ ನೋಡೇನಿ.”

ಹಾಗೆ ಹೇಳಿದ ಮರುದಿನವೇ ಅವಳು ಲಕ್ಕಪ್ಪ ಕಡೆಯದಾಗಿ ನೇಯ್ದಿಟ್ಟಿದ್ದ ಕಂಬಳಿಗಳನ್ನು ಸುತ್ತಿ, ಅವನು ಸಂತೆಗಳಿಗೆ ಒಯ್ಯುತ್ತಿದ್ದ ಗಿಡ್ಡ ಕುದುರೆಯ ಮೇಲೆ ಹೇರಿದಳು.

“ಎಲ್ಲಿಗೆ?” ಎಂದಳು ಬಾಯವ್ವ.

“ರಾಮದುರ್ಗಕ್ಕ.”

ಬಾಯವ್ವ ಬಾಯಿಗೆ ಸೆರಗು ಹಿಡಿದಳು. ರಾಮದುರ್ಗದ ಕತೆ ಮನೆಯವರಿಗೆಲ್ಲ ಗೊತ್ತಿತ್ತು. ಶಟ್ಟೆವ್ವ ಸಣ್ಣವಳಿದ್ದಾಗ ರಾಮದುರ್ಗದ ಕಂಬಳಿ ನೇಯುವ ಮನೆಯೊಂದರಿಂದ ಹೆಣ್ಣು ನೋಡಲು ಬಂದಿದ್ದರು. ಹುಡುಗನ ಹೆಸರು ಮಾಳಪ್ಪ. ಹುಡುಗನ ಅಪ್ಪ ಅವಳನ್ನು ಹತ್ತಿರ ಕೂರಿಸಿಕೊಂಡು, ನಮ್ಮ ಮನೆ ಕೋಟೆಯ ಬುಡಕ್ಕೇ ಇದೆ, ಬಾಗಿಲಲ್ಲಿ ನಿಂತರೆ ಹೊಳೆಯ ಸಪ್ಪಳ ಕೇಳುತ್ತದೆ, ನೀನು ಅದನ್ನು ಕೇಳುತ್ತಲೇ ನಿದ್ದೆ ಮಾಡುತ್ತೀ ಎಂದು ಹೇಳಿದ್ದ. ಹೊಳೆಯೇ ಇಲ್ಲದ ಊರಿನ ಹುಡುಗಿಗೆ ಅದೊಂದು ಮಾತು ಸಾಕಾಗಿತ್ತು. ಆಮೇಲೆ ಹಿರಿಯರು ಏನಕ್ಕೋ ಜಗಳವಾಡಿ ಸಂಬಂಧ ಮುರಿದರು. ಶಟ್ಟೆವ್ವನನ್ನು ಊರಲ್ಲೇ ಲಕ್ಕಪ್ಪನಿಗೆ ಕೊಟ್ಟರು. ಲಕ್ಕಪ್ಪ ಒಳ್ಳೆಯವ. ಮಕ್ಕಳಾಗಲಿಲ್ಲ ಎಂದು ಅವನು ಒಂದು ದಿನವೂ ಮುಖ ಗಂಟು ಹಾಕಿದವನಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಮಾತ್ರ, “ರಾಮದುರ್ಗದಾಕಿ ಹೊಳಿ ನೆನಸ್ಕೋತ ಸಾರು ಮಾಡ್ಯಾಳ” ಎಂದು ನಗುತ್ತಿದ್ದ. ಒಂದು ಸಲ ಕರೆದುಕೊಂಡು ಹೋಗುತ್ತೇನೆ ಎಂದೂ ಹೇಳುತ್ತಿದ್ದ. ಬೈಲಹೊಂಗಲ, ಕಿತ್ತೂರು, ಸವದತ್ತಿ ಎಂದು ಅವನ ಸಂತೆಗಳು ಮುಗಿಯಲಿಲ್ಲ. ಅವಳು ನೇಸರಗಿ ಬಿಡಲಿಲ್ಲ.

“ಒಬ್ಬಾಕಿ ಹೆಂಗ ಹೋಗ್ತಿ? ಈಗ ಹೋಗಿ ಏನು ನೋಡ್ತಿ?”

“ಗೊತ್ತಿಲ್ಲ. ಇಲ್ಲಿ ಕುಂತ್ರೂ ಅಷ್ಟ, ಅಲ್ಲಿ ಕುಂತ್ರೂ ಅಷ್ಟ.”

ಹಾದಿ ತುಂಬ ಬೇಸಿಗೆಯ ಧೂಳು. ಶಟ್ಟೆವ್ವ ಹಗ್ಗ ಹಿಡಿದು ಮುಂದೆ ನಡೆದಳು. ಆದರೆ ಸ್ವಲ್ಪ ಹೊತ್ತಿನಲ್ಲೇ ಕುದುರೆಯೇ ಅವಳನ್ನು ನಡೆಸುತ್ತಿತ್ತು. ಅದಕ್ಕೆ ಲಕ್ಕಪ್ಪನ ರೂಢಿಯೆಲ್ಲ ಗೊತ್ತಿತ್ತು. ಒಂದು ಬೇವಿನ ಮರದ ಕೆಳಗೆ ತಾನಾಗಿ ನಿಂತಿತು. ಬಹುಶಃ ಅವನು ಅಲ್ಲಿ ಬುತ್ತಿ ಬಿಚ್ಚುತ್ತಿದ್ದ. ಅವಳೂ ಅಲ್ಲೇ ಬುತ್ತಿ ಬಿಚ್ಚಿದಳು. ಮುಂದೆ ಒಂದು ಬಾವಿಯ ಹತ್ತಿರ ನಿಂತಿತು. ಅಲ್ಲಿ ನೀರು ಕುಡಿದಳು. ಗಂಡ ಕೂತ ಕಲ್ಲು ಇದೇ ಇರಬೇಕು ಅನ್ನಿಸಿತು. ಅನ್ನಿಸಿದ್ದು ಅಷ್ಟೇ, ಅದರ ಹಿಂದೆ ಬೇರೇನೂ ಬರಲಿಲ್ಲ.

ಹೊತ್ತಿಳಿಯುವಾಗ ಮುರಗೋಡದ ಅಂಚಿನ ಒಂದು ಮನೆಯ ಮುಂದೆ ಕುದುರೆ ನಿಂತುಬಿಟ್ಟಿತು. ಎಷ್ಟು ಎಳೆದರೂ ಹೆಜ್ಜೆ ಇಡಲಿಲ್ಲ. ಒಳಗಿನಿಂದ ಮುದುಕನ ದನಿ ಕೇಳಿತು.

“ಬಾರಪಾ ಲಕ್ಕಪ್ಪ! ಈ ಸಲ ಭಾಳ ತಡಾ ಮಾಡಿದಿ!”

ಹೊರಗೆ ಬಂದವನು ಹೆಂಗಸನ್ನು ಕಂಡು ನಿಂತ. ಅವನು ಮಡಿವಾಳೆಪ್ಪ ಎಂಬ ರೈತ. ಸವದತ್ತಿಗೆ ಹೋಗುವಾಗೆಲ್ಲ ಲಕ್ಕಪ್ಪ ಅವನ ಕಟ್ಟೆಯ ಮೇಲೆ ಮಲಗಿ ಹೋಗುತ್ತಿದ್ದ.

“ಅವರು ಬಂದಿಲ್ರಿ. ನಾನು ಅವರ ಮನಿಯಾಕಿ.”

“ಯಾಕವಾ, ಆರಾಮ ಇಲ್ಲೇನು?”

“ಪ್ಲೇಗಿನಾಗ ಹೋದ್ರು.”

ಮಡಿವಾಳೆಪ್ಪ ಕಟ್ಟೆಯ ಮೇಲೆ ಕುಸಿದು, ಹೆಗಲ ವಸ್ತ್ರ ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅವನ ಹೆಂಡತಿ ರಾಚವ್ವ ನೀರು ತಂದು ಏನು ಮಾಡುವುದೆಂದು ತಿಳಿಯದೆ ನಿಂತಳು. ಶಟ್ಟೆವ್ವ ಯಾರದೋ ಸುದ್ದಿ ಹೇಳುವವಳ ಹಾಗೆ ಹೇಳಿದಳು: “ಅಳಬ್ಯಾಡ್ರಿ ಅಜ್ಜಾರ. ಭಾಳ ದಿನ ನರಳಲಿಲ್ಲ ಅವರು.”

ಊಟವಾದ ಮೇಲೆ ಮುದುಕ ಅಂದ: “ಮನಿಯಾಕೀಗೆ ರಾಮದುರ್ಗ ತೋರಸಬೇಕ್ರಿ ಅಂತ ಬಂದಾಗೊಮ್ಮೆ ಅಂತಿದ್ದ ನೋಡವಾ. ಮುಂಜಾನಿ ಎದ್ದು ಸವದತ್ತಿ ಹಾದಿ ಹಿಡೀತಿದ್ದ.”

“ಹೌದ್ರಿ,” ಎಂದಳು.

ಮರುದಿನ ಯರಗಟ್ಟಿಯಲ್ಲಿ ಹಾದಿ ಒಡೆಯಿತು. ಒಂದು ಸವದತ್ತಿಗೆ, ಒಂದು ರಾಮದುರ್ಗಕ್ಕೆ. ಕುದುರೆ ಸವದತ್ತಿಯ ಕಡೆ ತಿರುಗಿತು. ಶಟ್ಟೆವ್ವ ಹಗ್ಗ ಜಗ್ಗಿದಳು, ಅದೂ ಜಗ್ಗಿತು. ಗಾಡಿಯವರು ನಗುತ್ತ ದಾಟಿ ಹೋದರು. ಹೊಡೆಯಲು ಕೋಲು ಎತ್ತಿದವಳು ಹಾಗೇ ಇಳಿಸಿದಳು. ಹಾದಿಯ ನಡುವೆಯೇ ಕೂತಳು. ಕೊನೆಗೆ ಅವಳು ಎದ್ದು ನಡೆದಾಗ, ಬೇರೆ ದಾರಿ ಕಾಣದೆ ಕುದುರೆ ಹಿಂದೆ ಬಂತು. ಅಲ್ಲಿಂದ ಮುಂದೆ ಅದು ಎಲ್ಲೂ ತಾನಾಗಿ ನಿಲ್ಲಲಿಲ್ಲ.

ರಾಮದುರ್ಗ ಕಂಡಾಗ ಇಳಿಹೊತ್ತು. ಕೋಟೆ ಇತ್ತು, ಹೇಳಿದ ಹಾಗೆಯೇ. ಮಲಪ್ರಭೆಯೂ ಇದ್ದಳು. ಆದರೆ ಬೇಸಿಗೆಗೆ ಬತ್ತಿ, ಬಂಡೆಗಳ ನಡುವೆ ಅಲ್ಲಲ್ಲಿ ಮಡುವಾಗಿ ನಿಂತಿದ್ದಳು. ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಶಟ್ಟೆವ್ವ ಕುದುರೆಗೆ ನೀರು ಕುಡಿಸಿ, ತಾನು ಮೊಣಕಾಲ ತನಕ ಇಳಿದು ನಿಂತಳು. ನೀರು ಬೆಚ್ಚಗಿತ್ತು. ಇಷ್ಟು ವರ್ಷ ನೆನೆದ ಊರಿಗೆ ಬಂದೆ ಎಂದು ತನಗೆ ತಾನೇ ಹೇಳಿಕೊಂಡಳು. ಸಂತೋಷವಾಗಲಿಲ್ಲ. ಹೊಳೆ ಬತ್ತಿದೆ ಎಂದು ಬೇಸರವೂ ಆಗಲಿಲ್ಲ. ಹತ್ತಿರದ ಹೆಂಗಸನ್ನು ಕಂಬಳಿ ನೇಯುವವರ ಓಣಿ ಎಲ್ಲಿ ಎಂದು ಕೇಳಿದಳು.

ಮಾಳಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಅವನ ಹೆಂಡತಿ ಮುದಕವ್ವ ಹುಣಸೆ ಬೀಜದ ಗಂಜಿ ಕುದಿಸಿ ಮಗ್ಗದ ಉದ್ದಕ್ಕೆ ಹಾಸುವ ನೂಲು ಗಟ್ಟಿಯಾಗಲೆಂದು ಹಚ್ಚುತ್ತಿದ್ದಳು. ಮೊಣಕೈ ತನಕ ಅಂಟು, ಹಣೆಯ ತುಂಬ ಬೆವರು. ನೇಸರಗಿಯಲ್ಲಿ ಶಟ್ಟೆವ್ವ ಮಾಡುತ್ತಿದ್ದದ್ದೂ ಅದನ್ನೇ. ಗೋಡೆಗೆ ಒರಗಿ ಕೂತಿದ್ದ ಮಾಳಪ್ಪ ಉಬ್ಬಸದವನು. ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದ.

“ಕಂಬಳಿ ಅದಾವ್ರಿ. ಕಾಳು ಕೊಟ್ರೂ ಆಗತೈತಿ,” ಎಂದಳು ಶಟ್ಟೆವ್ವ. ತಾನು ಯಾರೆಂದು ಹೇಳಲಿಲ್ಲ.

ಮುದಕವ್ವ ನಕ್ಕಳು. “ಕಂಬಳಿ ನೇಯೋರ ಮನಿಗೇ ಕಂಬಳಿ ತಂದೀರೇನ್ರಿ! ಕುಂಡ್ರಿ, ನೀರು ಕೊಡತೇನಿ.”

“ಇಲ್ಲಿ ಹೊಳಿ ಸಪ್ಪಳ ಕೇಳತೈತೇನ್ರಿ?”

“ಮಳಿಗಾಲದಾಗ ಕೇಳತೈತಂತ. ನಾ ಯಾವಾಗ ಕೇಳ್ಲಿ? ಇವರ ಕೆಮ್ಮು ಕೇಳೋದ ಆಗೇತಿ.”

ಮಾಳಪ್ಪ ಒಂದು ಕಂಬಳಿಯ ತುದಿ ಎಳೆದುಕೊಂಡು ಬೆರಳಾಡಿಸಿದ. ಅಂಚು ತಿಕ್ಕಿ ನೋಡಿದ, ಬೆಳಕಿಗೆ ಹಿಡಿದ.

“ಯಾರು ನೇದದ್ದಿದು?”

“ನಮ್ಮನಿಯವರು.”

“ಕೈ ಬಿಗಿ ಐತಿ. ಎಲ್ಲೂ ಸಡ್ಲ ಬಿಟ್ಟಿಲ್ಲ. ಇದೊಂದು ನನಗ ಇರಲಿ. ಮುಂದಿನ ಸಲ ಅವರನ್ನ ಕಳಸ್ರಿ, ಕುಂತು ಮಾತಾಡೂಣು.”

“ಹೂಂನ್ರಿ,” ಎಂದಳು ಶಟ್ಟೆವ್ವ. ಅವರು ಹೋದರು ಎಂದು ಮುರಗೋಡದಲ್ಲಿ ಸಲೀಸಾಗಿ ಬಂದ ಮಾತು ಇಲ್ಲಿ ಬಾಯಿಗೆ ಬರಲಿಲ್ಲ. ಮಾಳಪ್ಪ ಕಂಬಳಿ ಎಳೆದ. ಅದು ಬರಲಿಲ್ಲ. ಮತ್ತೆ ಎಳೆದ. ಆಗ ಅವಳು ನೋಡಿಕೊಂಡಳು: ಇನ್ನೊಂದು ತುದಿಯನ್ನು ತನ್ನ ಎರಡೂ ಕೈ ಬಿಗಿಯಾಗಿ ಹಿಡಿದಿದ್ದವು. ಬಿಡಬೇಕೆಂದುಕೊಂಡಳು. ಬೆರಳು ಬಿಚ್ಚಲಿಲ್ಲ.

ಮುದಕವ್ವ ಅವಳ ಮುಖ ನೋಡಿದಳು. ಬರಿದಾದ ಹಣೆ ನೋಡಿದಳು. “ಬಿಡ್ರಿ ಅದನ್ನ,” ಎಂದು ಗಂಡನಿಗೆ ಹೇಳಿದಳು. “ಬ್ಯಾರೇದು ತಗೋರಿ. ಅಕ್ಕಾರಿಗೆ ಅದು ಬೇಕಾಗೇತಿ.”

ಆ ರಾತ್ರಿ ಮುದಕವ್ವ ಕೊಟ್ಟ ರೊಟ್ಟಿ ತಿಂದು, ಅದೇ ಕಂಬಳಿ ಹೊದ್ದು ಅಂಗಳದಲ್ಲಿ ಮಲಗಿದಳು. ಕಣ್ಣು ಒಣಗಿಯೇ ಇದ್ದವು. ಮುಂಜಾನೆ ಉಳಿದ ಕಂಬಳಿಗಳನ್ನು ಓಣಿಯಲ್ಲಿ ಜೋಳಕ್ಕೆ ಕೊಟ್ಟು, ಹೊಳೆಯ ಕಡೆ ಹೋಗದೆ ಊರ ಹಾದಿ ಹಿಡಿದಳು.

ನೇಸರಗಿಗೆ ಬಂದ ಮೇಲೆ ಓಣಿಯ ನೇಕಾರರು ತಮ್ಮ ಕಂಬಳಿಗಳನ್ನೂ ಒಯ್ಯುತ್ತೀಯಾ ಎಂದು ಕೇಳಿದರು. ಪ್ಲೇಗು ಹಲವು ಮನೆಗಳಲ್ಲಿ ಸಂತೆಗೆ ಹೋಗುವ ಗಂಡಸರನ್ನು ಉಳಿಸಿರಲಿಲ್ಲ. ಶಟ್ಟೆವ್ವ ಒಲ್ಲೆ ಅನ್ನಲಿಲ್ಲ. ಬೈಲಹೊಂಗಲದ ಸಂತೆಗೆ ಹೋದಳು, ಆಮೇಲೆ ಸವದತ್ತಿಗೆ. ರಾಮದುರ್ಗ ಹೇಗಿತ್ತು ಎಂದು ಬಾಯವ್ವ ಕೇಳಿದಾಗ, “ಊರು ಇದ್ದಂಗ ಐತಿ” ಎಂದಷ್ಟೇ ಹೇಳಿದಳು.

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಕಿತ್ತೂರಿನ ಸಂತೆಗೆ ಹೋಗಿದ್ದಾಗ, ಪಕ್ಕದಲ್ಲಿ ಮೆಣಸಿನಕಾಯಿ ಮಾರುತ್ತಿದ್ದ ಹೆಂಗಸು ಅವಳಿಗೂ ಒಂದು ರೊಟ್ಟಿ, ಮೇಲೊಂದಿಷ್ಟು ಕೆಂಪು ಚಟ್ನಿ ಕೊಟ್ಟಳು. ಶಟ್ಟೆವ್ವ ಮುರಿದು ಬಾಯಿಗಿಟ್ಟಳು. ಖಾರ ನಾಲಗೆಗೆ ಹತ್ತಿತು. ಎಷ್ಟೋ ತಿಂಗಳಿಂದ ಊಟಕ್ಕೊಂದು ರುಚಿ ಇರುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಕಣ್ಣು ಮೂಗು ಸುರಿಯತೊಡಗಿದವು. ಸೆರಗಿನಿಂದ ಒರೆಸಿಕೊಂಡು, ಇನ್ನೊಂದು ರೊಟ್ಟಿ ಇದೆಯೇ ಎಂದು ಕೇಳಿದಳು.